ಡಿಸೆಂಬರ್ 24ರ ಸಂಜೆ, ಯಹೂದಿ ಮನೆಗಳಲ್ಲಿ

1895ರ ಡಿಸೆಂಬರ್ 24. ವಿಯೆನ್ನಾದ ತಮ್ಮ ಮನೆಯಲ್ಲಿ ಪತ್ರಕರ್ತ ಥಿಯೋಡೋರ್ ಹರ್ಜ್ಲ್ ಮಕ್ಕಳಿಗಾಗಿ ಕ್ರಿಸ್‌ಮಸ್ ಮರಕ್ಕೆ ದೀಪ ಹಚ್ಚುತ್ತಿದ್ದರು. ಅಷ್ಟರಲ್ಲಿ ನಗರದ ಮುಖ್ಯ ರಬ್ಬಿ (ಯಹೂದಿ ಧರ್ಮಗುರು) ಮೋರಿಟ್ಸ್ ಗ್ಯೂಡೆಮಾನ್ ಮನೆಗೆ ಬಂದರು. ಯಹೂದಿ ಮನೆಯೊಳಗೆ ಆ ಮರ ಕಂಡು ಅವರಿಗೆ ಬೇಸರವಾದಂತೆ ತೋರಿತು. ನಾನು ಯಾರ ಒತ್ತಡಕ್ಕೂ ಮಣಿಯುವುದಿಲ್ಲ, ಬೇಕಾದರೆ ಇದನ್ನು ಹನುಕ್ಕಾ (ಚಳಿಗಾಲದ ಯಹೂದಿ ದೀಪದ ಹಬ್ಬ) ಮರ ಅನ್ನಲಿ, ಚಳಿಗಾಲದ ಅಯನದ ಮರ ಅಂತಲಾದರೂ ಅನ್ನಲಿ ಎಂಬರ್ಥದ ಮಾತನ್ನು ಹರ್ಜ್ಲ್ ಆ ದಿನ ದಿನಚರಿಯಲ್ಲಿ ಬರೆದುಕೊಂಡರು. ಎರಡು ತಿಂಗಳು ತುಂಬುವ ಮೊದಲೇ, 1896ರ ಫೆಬ್ರವರಿಯಲ್ಲಿ, ಯಹೂದಿಗಳಿಗೆ ತಮ್ಮದೇ ರಾಷ್ಟ್ರ ಬೇಕೆಂದು ವಾದಿಸುವ ಅವರ ಪುಸ್ತಕ ಹೊರಬಂತು.

ಯಹೂದಿ ರಾಷ್ಟ್ರೀಯತೆಗೆ ರೂಪ ಕೊಟ್ಟವರ ಮನೆಯಲ್ಲೇ ಮರ ಇತ್ತು ಎನ್ನುವುದನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ‘ಯಹೂದಿಗಳು ಕ್ರಿಸ್‌ಮಸ್ ಮಾಡುತ್ತಾರೆಯೇ?’ ಎಂದು ಕೇಳಿದರೆ ಧರ್ಮಗ್ರಂಥದ ಕಡೆಯಿಂದ ಉತ್ತರ ಒಂದೇ ಮಾತಿನದು. ಯೇಸು ಹುಟ್ಟಿದ್ದು ಯಹೂದಿ ಮನೆತನದಲ್ಲಿ ಎಂಬುದು ನಿಜ. ಆದರೆ ಯಹೂದಿ ಧರ್ಮ ಅವರನ್ನು ಮೆಸ್ಸಾಯ, ಅಂದರೆ ದೇವರು ಕಳಿಸುವ ಉದ್ಧಾರಕ, ಎಂದು ಒಪ್ಪಿಲ್ಲ, ಹಾಗಾಗಿ ಅವರ ಜನ್ಮದಿನ ಯಹೂದಿ ಪಂಚಾಂಗದಲ್ಲಿ ಹಬ್ಬವಲ್ಲ. ಮನೆಗಳ ಕಡೆಯಿಂದ ಬರುವ ಉತ್ತರ ಬೇರೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹಿಂದಿನ ವರ್ಷ ಮನೆಯಲ್ಲಿ ಕ್ರಿಸ್‌ಮಸ್ ಮರ ಇಟ್ಟಿದ್ದೆವು ಎಂದ ಅಮೆರಿಕನ್ ಯಹೂದಿಗಳು ಶೇ. 32. ಯಹೂದಿಯಲ್ಲದವರನ್ನು ಮದುವೆಯಾದವರಲ್ಲಿ ಈ ಪ್ರಮಾಣ ಶೇ. 71. ನಾವು ಕನ್ನಡದಲ್ಲಿ ‘ಹಬ್ಬ ಮಾಡುವುದು’ ಅನ್ನುವಾಗ ಪೂಜೆ, ಅಡುಗೆ, ಹೊಸ ಬಟ್ಟೆ, ನೆಂಟರ ಮನೆ ಎಲ್ಲವೂ ಒಂದೇ ಮಾತಿನಲ್ಲಿ ಬಂದುಬಿಡುತ್ತವೆ. ಇಲ್ಲಿ ಅವನ್ನು ಬಿಡಿಸಿ ನೋಡಲೇಬೇಕು. ಮರ ಇಟ್ಟ ಆ ಮನೆಗಳಲ್ಲಿ ಬಹುಪಾಲಿನಲ್ಲಿ ಯೇಸುವಿನ ಪೂಜೆ ನಡೆಯುವುದಿಲ್ಲ. ಮರದ ಗೊಡವೆಗೇ ಹೋಗದ ಮನೆಗಳಿಗೂ ಡಿಸೆಂಬರ್ 24ರ ರಾತ್ರಿ ಸುಮ್ಮನೆ ಕಳೆದುಹೋಗಿಲ್ಲ. ಆಚರಿಸದೆ ಇರುವುದಕ್ಕೂ ಯಹೂದಿಗಳು ಒಂದು ಆಚರಣೆಯನ್ನೇ ಕಟ್ಟಿಕೊಳ್ಳಬೇಕಾಯಿತು. ನನಗೆ ಈ ವಿಷಯದಲ್ಲಿ ತುಂಬ ಮುಖ್ಯ ಅನ್ನಿಸುವುದು ಇದೇ.

ಶಾಸ್ತ್ರದ ಮಾತನ್ನು ಮೊದಲು ನೋಡೋಣ. ಹೀಬ್ರೂ ಬೈಬಲ್ಲಿನ ಯಾಜಕಕಾಂಡ 18:3ರಲ್ಲಿ ಅನ್ಯಜನರ ಕಟ್ಟಳೆಗಳಲ್ಲಿ ನಡೆಯಬೇಡಿ ಎಂಬ ಆಜ್ಞೆ ಇದೆ. ಅನ್ಯರದ್ದೆಲ್ಲ ನಿಷಿದ್ಧ ಎಂದು ಅದಕ್ಕೆ ಅರ್ಥವಲ್ಲ. 16ನೇ ಶತಮಾನದ ಕ್ರಾಕೋವ್‌ನ ರಬ್ಬಿ ಮೋಶೆ ಇಸ್ಸೆರ್ಲೆಸ್ ಇಲ್ಲಿ ಗೆರೆ ಎಳೆದರು. ಉಪಯೋಗವಿರುವ, ತಿಳಿಯುವಂಥ ಕಾರಣವಿರುವ ರೂಢಿಯನ್ನು ಅನುಸರಿಸಬಹುದು. ಕಾರಣವೇ ಕಾಣದ, ವಿಗ್ರಹಾರಾಧನೆಯ ವಾಸನೆಯಿರುವ ರೂಢಿ ಕೂಡದು. ಅಕ್ಕಪಕ್ಕದ ಕ್ರೈಸ್ತರಿಗೆ ಹೊಸವರ್ಷದ ಉಡುಗೊರೆ ಕಳಿಸುವುದನ್ನೂ ಅವರು ಚರ್ಚಿಸಿದ್ದಾರೆ: ಸಾಧ್ಯವಾದರೆ ಹಿಂದಿನ ದಿನವೇ ಕಳಿಸಿ, ಆಗದಿದ್ದರೆ ಆ ದಿನವೇ ಕಳಿಸಬಹುದು. ನೆರೆಹೊರೆಯ ಜೊತೆ ಬಾಳಬೇಕಾದವರ ಪಾಡನ್ನು ಬಲ್ಲ ಮಾತಿದು. ಇವತ್ತಿಗೂ ಸಂಪ್ರದಾಯಸ್ಥ ಯಹೂದಿಗಳಲ್ಲಿ ಬಹಳಷ್ಟು ಜನ ಅಂಚೆಯವನಿಗೆ, ಕಟ್ಟಡದ ಕಾವಲುಗಾರನಿಗೆ ಡಿಸೆಂಬರಿನಲ್ಲಿ ಹಣದ ಲಕೋಟೆ ಕೊಡುತ್ತಾರೆ, ನೆರೆಯವರಿಗೆ ಶುಭಾಶಯ ಹೇಳುತ್ತಾರೆ, ಮರವನ್ನು ಮಾತ್ರ ಮನೆಯೊಳಗೆ ತರುವುದಿಲ್ಲ.

ಮರದ ಬಗ್ಗೆ ಜಗಳ ಯಾಕೆ ಮುಗಿಯುವುದಿಲ್ಲ ಎಂದರೆ ಎರಡೂ ಕಡೆಯ ವಾದದಲ್ಲಿ ಹುರುಳಿದೆ. ಸುವಾರ್ತೆಗಳಲ್ಲಿ ಮರದ ಮಾತೇ ಇಲ್ಲ, ಚರ್ಚಿನ ಪೂಜಾವಿಧಿಗೂ ಅದು ಬೇಕಿಲ್ಲ ಎನ್ನುವುದು ಒಂದು ಕಡೆ. 1989ರಲ್ಲಿ ಪಿಟ್ಸ್‌ಬರ್ಗ್‌ನ ಮೊಕದ್ದಮೆಯೊಂದರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೂ ಹೆಚ್ಚುಕಡಿಮೆ ಹೀಗೇ ನೋಡಿತು: ನ್ಯಾಯಾಲಯ ಕಟ್ಟಡದ ಮೆಟ್ಟಿಲ ಮೇಲಿಟ್ಟ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಪ್ರತಿಕೃತಿ) ಸಂವಿಧಾನಕ್ಕೆ ವಿರುದ್ಧ, ಇನ್ನೊಂದು ಸರ್ಕಾರಿ ಕಟ್ಟಡದ ಎದುರು 45 ಅಡಿಯ ಮರದ ಪಕ್ಕ ನಿಂತ 18 ಅಡಿಯ ಹನುಕ್ಕಾ ದೀಪಸ್ತಂಭ ಇರಬಹುದು. ಮತ್ತೊಂದು ಕಡೆಯವರು ಕೇಳುವ ಪ್ರಶ್ನೆ ಸರಳ: ಯೇಸುವಿನ ಜನ್ಮದಿನ ಇಲ್ಲದಿದ್ದರೆ ಆ ಮರ ಆ ವಾರ ನಿಮ್ಮ ಹಜಾರಕ್ಕೆ ಯಾಕೆ ಬರುತ್ತಿತ್ತು? ನನಗೆ ಎರಡನೆಯ ವಾದವೇ ಹೆಚ್ಚು ತೂಕದ್ದಾಗಿ ಕಾಣುತ್ತದೆ. ಆದರೂ ಮರ ಇಟ್ಟವರನ್ನೆಲ್ಲ ಧರ್ಮ ಬಿಟ್ಟವರು ಎಂದು ತಳ್ಳಿಹಾಕಿದರೆ, ಆ ಮರ ಅಲ್ಲಿಗೆ ಹೇಗೆ ಬಂತು ಎನ್ನುವುದು ಯಾವತ್ತೂ ತಿಳಿಯುವುದಿಲ್ಲ.

ಜರ್ಮನ್ ಮಾತಾಡುವ ನಾಡುಗಳಲ್ಲಿ ಅದು ಬಂದದ್ದು ಅಂತಸ್ತಿನ ಜೊತೆಗೆ. ವಿಯೆನ್ನಾದಲ್ಲಿ ಕ್ರಿಸ್‌ಮಸ್ ಮರ ಇಟ್ಟ ಮೊದಲಿಗರಲ್ಲಿ ಬರ್ಲಿನ್‌ನಿಂದ ಮದುವೆಯಾಗಿ ಬಂದ ಯಹೂದಿ ಹೆಂಗಸು ಫ್ಯಾನಿ ಫಾನ್ ಆರ್ನ್‌ಸ್ಟೈನ್ ಹೆಸರು ಬರುತ್ತದೆ. ವರ್ಷ 1814, ಆ ಸಂಜೆಯ ವಿವರ ಉಳಿದಿರುವುದು ಪೊಲೀಸ್ ಗೂಢಚಾರನ ವರದಿಯಲ್ಲಿ. 19ನೇ ಶತಮಾನ ಮುಗಿಯುವ ಹೊತ್ತಿಗೆ ಬರ್ಲಿನ್‌ನ ಅನುಕೂಲಸ್ಥ ಯಹೂದಿ ಕುಟುಂಬಗಳಿಗೆ ಮರ ಕ್ರೈಸ್ತ ಗುರುತಾಗಿ ಕಾಣುತ್ತಿರಲಿಲ್ಲ, ಜರ್ಮನ್ ಗುರುತಾಗಿ ಕಾಣುತ್ತಿತ್ತು. ಮನೆಗೆಲಸದವರು ಕ್ರೈಸ್ತರು, ಮಕ್ಕಳ ಗೆಳೆಯರು ಕ್ರೈಸ್ತರು, ಶಾಲೆಗೆ ರಜೆ. ಕ್ರಿಸ್‌ಮಸ್‌ಗೆ ಜರ್ಮನ್ನಿನಲ್ಲಿರುವ ‘ವೈನಾಖ್ಟೆನ್’ ಎಂಬ ಹೆಸರನ್ನೂ ಹನುಕ್ಕಾವನ್ನೂ ಬೆಸೆದು ‘ವೈನುಕ್ಕಾ’ ಎಂಬ ಮಾತೇ ಹುಟ್ಟಿತು. 1904ರಲ್ಲಿ ‘ಶ್ಲೆಮೀಲ್’ ಎಂಬ ಯಹೂದಿ ಹಾಸ್ಯಪತ್ರಿಕೆ ಒಂದು ಚಿತ್ರ ಹಾಕಿತು. ಸಣ್ಣ ಊರಿನ ಆಡುತೊಗಲು ವ್ಯಾಪಾರಿ ಕೋಹ್ನ್‌ನ ಹನುಕ್ಕಾ ದೀಪ ಹಂತಹಂತವಾಗಿ ರೆಂಬೆಯೊಡೆದು, ಬರ್ಲಿನ್ನಿನ ಶ್ರೀಮಂತ ಬೀದಿಯ ಕಾನ್ರಾಡ್ ಸಾಹೇಬರ ಕ್ರಿಸ್‌ಮಸ್ ಮರವಾಗುತ್ತದೆ. ದೀಪದ ಜೊತೆಗೆ ಹೆಸರೂ ಬದಲಾದದ್ದನ್ನು ಗಮನಿಸಿ.

ಯಹೂದಿ ಅನುಭಾವದ ದೊಡ್ಡ ವಿದ್ವಾಂಸ ಗೆರ್ಶೊಮ್ ಶೋಲೆಮ್ ಬೆಳೆದದ್ದು ಅಂಥದ್ದೇ ಬರ್ಲಿನ್ ಮನೆಯಲ್ಲಿ. ಹದಿಹರೆಯದಲ್ಲಿ ಜಿಯೋನಿಸಂ ಎಂಬ ಯಹೂದಿ ರಾಷ್ಟ್ರೀಯ ಚಳವಳಿಯ ಕಡೆ ವಾಲಿದ ಅವರಿಗೆ 1911ರ ಕ್ರಿಸ್‌ಮಸ್‌ನಲ್ಲಿ ಮರದ ಕೆಳಗೆ ಸಿಕ್ಕ ಉಡುಗೊರೆ ಕಪ್ಪು ಚೌಕಟ್ಟಿನ ಹರ್ಜ್ಲ್ ಚಿತ್ರ. ಮಗನಿಗೆ ಇಷ್ಟವೆಂದು ತಾಯಿ ಪ್ರೀತಿಯಿಂದಲೇ ಇಟ್ಟದ್ದು. ಅಲ್ಲಿಂದಾಚೆ ಶೋಲೆಮ್ ಕ್ರಿಸ್‌ಮಸ್ ಬಂದರೆ ಮನೆಯಿಂದ ಹೊರಗೆ ಹೊರಟುಬಿಡುತ್ತಿದ್ದರು. ಮರ ಇಟ್ಟವರ ಆಸೆ ದೊಡ್ಡದೇನೂ ಆಗಿರಲಿಲ್ಲ, ಊರಿನವರಲ್ಲಿ ತಾವೂ ಒಬ್ಬರಾಗಬೇಕು ಅಷ್ಟೆ. 1935ರ ನ್ಯೂರೆಂಬರ್ಗ್ ಕಾನೂನು ಬಂದಾಗ ಯಾರ ಹಜಾರದಲ್ಲಿ ಮರವಿತ್ತು ಎಂದು ಕೇಳಲಿಲ್ಲ. ಅದು ಅಜ್ಜ ಅಜ್ಜಿಯರನ್ನು ಎಣಿಸಿತು.

ಸೋವಿಯತ್ ಮರದ ಕಥೆ ಪೂರ್ತಿ ಬೇರೆ, ಹೊರಗಿನವರು ಹೆಚ್ಚಾಗಿ ಎಡವುವುದೂ ಇಲ್ಲೇ. 1920ರ ದಶಕದ ಕೊನೆಗೆ ಸೋವಿಯತ್ ಸರ್ಕಾರ ಕ್ರಿಸ್‌ಮಸ್ ಮರವನ್ನು ಧಾರ್ಮಿಕವೆಂದು ಅಟ್ಟಿತ್ತು. 1935ರ ಡಿಸೆಂಬರ್ 28ರಂದು ಕಮ್ಯುನಿಸ್ಟ್ ಪಕ್ಷದ ಪತ್ರಿಕೆ ‘ಪ್ರಾವ್ದಾ’ದಲ್ಲಿ ಪಾವೆಲ್ ಪೋಸ್ತಿಶೆವ್ ಎಂಬ ಪಕ್ಷದ ನಾಯಕ ಪತ್ರ ಬರೆದು, ಮಕ್ಕಳಿಗೆ ಮರ ಮರಳಿ ಕೊಡೋಣ, ಆದರೆ ಹೊಸವರ್ಷಕ್ಕೆ ಎಂದರು. ಬೆತ್ಲೆಹೇಮಿನ ನಕ್ಷತ್ರದ ಜಾಗಕ್ಕೆ ಕೆಂಪು ನಕ್ಷತ್ರ ಬಂತು, ಉಡುಗೊರೆ ಹಂಚಲು ಹಿಮದಜ್ಜ ದೆದ್ ಮರೋಜ್, ಜೊತೆಗೆ ಮೊಮ್ಮಗಳು ಸ್ನೆಗೂರೊಚ್ಕಾ. ಯೇಸುವೂ ಇಲ್ಲ, ಚರ್ಚೂ ಇಲ್ಲ. ತಮ್ಮ ಹಬ್ಬಗಳನ್ನೆಲ್ಲ ಬಚ್ಚಿಟ್ಟುಕೊಂಡು ಬದುಕುತ್ತಿದ್ದ ಯಹೂದಿಗಳಿಗೆ ಈ ‘ನೋವಿ ಗೋದ್’ (ಹೊಸವರ್ಷ) ಯಾವ ಹೆದರಿಕೆಯೂ ಇಲ್ಲದೆ ನೆರೆಯವರ ಜೊತೆ ಕೂತು ಉಣ್ಣಬಹುದಾದ ಹಬ್ಬವಾಯಿತು.

1989ರ ನಂತರ ಹಳೆಯ ಸೋವಿಯತ್ ನಾಡುಗಳಿಂದ ಸುಮಾರು 10 ಲಕ್ಷ ಜನ ಇಸ್ರೇಲಿಗೆ ಬಂದಾಗ ಆ ಮರವೂ ಜೊತೆಗೆ ಬಂತು. ಪಕ್ಕದ ಮನೆಯವರು ಕಿಟಕಿಯಲ್ಲಿ ಮರ ನೋಡಿ ಇವರು ನಿಜವಾಗಿ ಯಹೂದಿಗಳೇ ಎಂದು ಅನುಮಾನಪಟ್ಟರು. ಬಂದವರಿಗೆ ಆ ಅನುಮಾನವೇ ಅರ್ಥವಾಗಲಿಲ್ಲ, ಏಕೆಂದರೆ ಸೋವಿಯತ್ ಗುರುತಿನ ಚೀಟಿಯಲ್ಲಿ ‘ಯಹೂದಿ’ ಎಂದು ಬರೆಸಿಕೊಂಡು ಅದರ ಕಷ್ಟವೆಲ್ಲ ಉಂಡವರು ಇವರೇ. ಇವರ ಮೇಜಿನ ಮೇಲೆ ಕ್ರಿಸ್‌ಮಸ್‌ನ ಏನೂ ಇರುವುದಿಲ್ಲ. ಒಲಿವಿಯೆ ಸಲಾಡ್ ಇರುತ್ತದೆ: ಬೇಯಿಸಿದ ಆಲೂಗಡ್ಡೆ, ಕ್ಯಾರೆಟ್, ಮೊಟ್ಟೆ, ಉಪ್ಪಿನಲ್ಲಿ ಹಾಕಿದ ಸೌತೆ, ಬಟಾಣಿ, ಸಾಸೇಜು, ಎಲ್ಲವನ್ನೂ ಬಟಾಣಿ ಕಾಳಿನಷ್ಟೇ ಸಣ್ಣಗೆ ಹೆಚ್ಚಿ ಮೇಯೊನೀಸಿನಲ್ಲಿ ಕಲಸಿದ್ದು. ‘ಶೂಬಾ’ ಇರುತ್ತದೆ, ಅಂದರೆ ಉಪ್ಪಿನ ಹೆರಿಂಗ್ ಮೀನಿನ ಮೇಲೆ ಆಲೂಗಡ್ಡೆ, ಕ್ಯಾರೆಟ್, ಬೀಟ್‌ರೂಟ್ ಪದರಗಳು. ಬಟ್ಟಲ ತುಂಬ ಕಿತ್ತಳೆ ಇರುತ್ತದೆ. ಮಾಂಸ, ಹಾಲು ಬೆರೆಸಬಾರದೆನ್ನುವ ಯಹೂದಿ ಆಹಾರ ನಿಯಮ ಕೋಷರ್ ಪಾಲಿಸುವ ಮನೆಗೂ ಈ ಅಡುಗೆ ಸುಲಭವಾಗಿ ಹೊಂದುತ್ತದೆ. ಮೇಯೊನೀಸು ಮೊಟ್ಟೆ, ಎಣ್ಣೆಯದು, ಹಾಲಿನದಲ್ಲ, ಆದ್ದರಿಂದ ಮಾಂಸದ ಜೊತೆ ಸೇರಬಹುದು. ಸಾಸೇಜನ್ನು ಕೋಷರ್ ದನದ ಮಾಂಸದ್ದೋ ಕೋಳಿಯದ್ದೋ ಆರಿಸಬೇಕು. ರುಚಿ ಹಗುರವಾಗಲೆಂದು ಒಂದೆರಡು ಚಮಚ ಹುಳಿ ಕೆನೆ ಬೆರೆಸುವ ಅಭ್ಯಾಸ ಕೆಲವರಿಗಿದೆ, ಅಲ್ಲೇ ಕೆಡುವುದು. ಹಾಲಿನದು ಮಾಂಸಕ್ಕೆ ಬಿದ್ದರೆ ಆ ಪಾತ್ರೆಯಷ್ಟೂ ಹೋಯಿತು. ಈ ಮರವನ್ನು ಬರ್ಲಿನ್ನಿನ ಮರದ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಮೆರಿಕದಲ್ಲಿ ಕ್ರಿಸ್‌ಮಸ್ 1870ರಲ್ಲಿ ಸರ್ಕಾರಿ ರಜೆಯಾಯಿತು. ಅಂಗಡಿ, ಶಾಲೆ, ಬೀದಿ ಎಲ್ಲ ಕಡೆ ಅದೇ. ಯಹೂದಿ ಮಕ್ಕಳು ಕಿಟಕಿಯಾಚೆ ನೋಡುತ್ತ ನಿಂತರು. ಸಿನ್ಸಿನಾಟಿಯ ರಬ್ಬಿಗಳಾದ ಐಸಾಕ್ ಮೇಯರ್ ವೈಸ್ ಮತ್ತು ಮ್ಯಾಕ್ಸ್ ಲಿಲಿಯೆಂಥಾಲ್ 19ನೇ ಶತಮಾನದ ಉತ್ತರಾರ್ಧದಲ್ಲಿ ಯಹೂದಿ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲೇ ಮಕ್ಕಳಿಗೆ ಹಾಡು, ಸಿಹಿತಿಂಡಿ ಇಟ್ಟು ಹನುಕ್ಕಾ ಸಮಾರಂಭ ನಡೆಸಿ ಇದಕ್ಕೆ ಉತ್ತರ ಹುಡುಕಿದರು. ಹನುಕ್ಕಾ ಮೂಲತಃ ಚಿಕ್ಕ ಹಬ್ಬ. ಕೆಲಸ ನಿಲ್ಲಿಸಬೇಕಾಗಿಲ್ಲ, ಅದರ ಕಥೆ ಹೇಳುವ ಮಕ್ಕಬಿಯರ ಪುಸ್ತಕಗಳು ಹೀಬ್ರೂ ಬೈಬಲ್ಲಿನೊಳಗೂ ಇಲ್ಲ. ಗ್ರೀಕ್ ರೀತಿನೀತಿಯನ್ನು ಬಲವಂತವಾಗಿ ಹೇರಿದ ಅರಸನ ವಿರುದ್ಧ ದಂಗೆಯೆದ್ದು ಕ್ರಿ.ಪೂ. 164ರಲ್ಲಿ ಜೆರುಸಲೇಮಿನ ದೇವಾಲಯವನ್ನು ಮತ್ತೆ ಶುದ್ಧಮಾಡಿದ ನೆನಪು ಅದು. ತಮ್ಮತನ ಬಿಡೆವು ಎಂದವರ ಈ ಹಬ್ಬ ಡಿಸೆಂಬರಿಗೆ ಹತ್ತಿರವಿದ್ದ ಒಂದೇ ಕಾರಣಕ್ಕೆ ಉಡುಗೊರೆಗಳ ಹಬ್ಬವಾಗಿ ಬೆಳೆದುನಿಂತಿತು. ಹನುಕ್ಕಾವನ್ನು ‘ಯಹೂದಿಗಳ ಕ್ರಿಸ್‌ಮಸ್’ ಎಂದು ಕರೆಯುವುದು ನನಗೆ ಮರಕ್ಕಿಂತ ಹೆಚ್ಚು ನೋವಿನ ಸಂಗತಿ. ಮರ ಇಟ್ಟ ಮನೆಗೆ ಅದು ಬೇರೆಯವರದ್ದು ಎಂಬ ಅರಿವಾದರೂ ಉಳಿದಿರುತ್ತದೆ.

ಹಾಡುಗಳದ್ದು ಇನ್ನೂ ವಿಚಿತ್ರ. ಬಿಳಿಯ ಕ್ರಿಸ್‌ಮಸ್‌ಗಾಗಿ ಹಂಬಲಿಸುವ, ಜಗತ್ತಿನ ಅತಿ ಹೆಚ್ಚು ಮಾರಾಟವಾದ ಹಾಡನ್ನು ಬರೆದ ಇರ್ವಿಂಗ್ ಬರ್ಲಿನ್ 1888ರಲ್ಲಿ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿದ ಯಹೂದಿ, ತಂದೆ ಸಿನಗಾಗ್‌ನಲ್ಲಿ ಪ್ರಾರ್ಥನೆ ಹಾಡುವವರು. ಬರ್ಲಿನ್ ಮದುವೆಯಾದದ್ದು ಕ್ಯಾಥೊಲಿಕ್ ಹೆಂಗಸನ್ನು. ಮೂರು ವಾರದ ಗಂಡುಮಗು ತೀರಿಕೊಂಡದ್ದು 1928ರ ಡಿಸೆಂಬರ್ 25ರಂದು. ಆ ಹಾಡಿನಲ್ಲಿ ಯೇಸುವಿನ ಹೆಸರಿಲ್ಲ. ಹಿಮ, ಮರ, ಹಳೆಯ ದಿನಗಳ ನೆನಪು ಇಷ್ಟೇ ಇವೆ. ಯಹೂದಿಯೊಬ್ಬರು ಒಳಹೋಗಬಹುದಾದ ಕ್ರಿಸ್‌ಮಸ್ ಅದು.

ಇನ್ನು ಅಮೆರಿಕದ ಯಹೂದಿಗಳು ಡಿಸೆಂಬರ್ 25ರಂದು ಮಾಡುವ ಚೀನೀ ಊಟ. ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡಿನಲ್ಲಿ ಪೂರ್ವ ಯೂರೋಪಿನ ಯಹೂದಿಗಳೂ ಚೀನೀಯರೂ ಅಕ್ಕಪಕ್ಕದ ಓಣಿಗಳವರು. ಆ ದಿನ ಬಾಗಿಲು ತೆರೆದಿರುತ್ತಿದ್ದ ಹೋಟೆಲುಗಳು ಚೀನೀಯರವು. ಆ ಅಡುಗೆಯಲ್ಲಿ ಹಾಲು, ಬೆಣ್ಣೆ, ಚೀಸ್ ಇಲ್ಲದ ಕಾರಣ ಮಾಂಸದ ಜೊತೆ ಹಾಲು ಬೆರೆಯುವ ತೊಡಕಿಲ್ಲ. ಹಂದಿಮಾಂಸವಿದ್ದರೂ ಕಣ್ಣಿಗೆ ಕಾಣದಷ್ಟು ಸಣ್ಣಗೆ ಕೊಚ್ಚಿ ಹಿಟ್ಟಿನೊಳಗೆ ಮಡಚಿರುತ್ತಿತ್ತು, ಮನೆಯಲ್ಲಿ ಕೋಷರ್ ಬಿಗಿಯಾಗಿಟ್ಟವರೂ ಅಲ್ಲಿ ಕಣ್ಣುಮುಚ್ಚಿ ಉಂಡರು. ಇದರ ವಿರುದ್ಧ ಯಹೂದಿ ಪತ್ರಿಕೆಗಳಲ್ಲಿ 1899ರಲ್ಲೇ ಆಕ್ಷೇಪ ಬಂದಿತ್ತು. 2010ರಲ್ಲಿ ಸುಪ್ರೀಂ ಕೋರ್ಟಿಗೆ ನಾಮನಿರ್ದೇಶನಗೊಂಡ ಎಲೆನಾ ಕಾಗನ್ ಅವರನ್ನು ಸೆನೆಟರೊಬ್ಬರು ಕ್ರಿಸ್‌ಮಸ್ ದಿನ ಎಲ್ಲಿದ್ದಿರಿ ಎಂದು ಕೇಳಿದಾಗ, ಎಲ್ಲ ಯಹೂದಿಗಳಂತೆ ಚೀನೀ ಹೋಟೆಲಿನಲ್ಲೇ ಇದ್ದಿರಬೇಕು ಎಂದು ಉತ್ತರಿಸಿದರು. ಸಭೆಗೆ ಸಭೆಯೇ ನಕ್ಕಿತು. ಮನೆಮಂದಿ ಒಟ್ಟಾಗಿ, ವರ್ಷವರ್ಷ ಅದೇ ದಿನ, ಅದೇ ಊಟ. ಇದನ್ನು ಹಬ್ಬ ಅನ್ನದೆ ಏನೆನ್ನುವುದು?

ಹಾಸಿದಿಕ್ ಎಂಬ ಕಟ್ಟಾ ಸಂಪ್ರದಾಯಸ್ಥ ಯಹೂದಿ ಸಮುದಾಯಗಳ ‘ನಿಟ್ಟೆಲ್ ರಾತ್ರಿ’ ಇದಕ್ಕಿಂತ ಹಳೆಯದು, ಇದಕ್ಕಿಂತ ಗಂಭೀರವಾದದ್ದು. ಹಗಲಿರುಳು ಧರ್ಮಗ್ರಂಥ ತೋರಾ ಓದುವ ಜನ ಕ್ರಿಸ್‌ಮಸ್ ಹಿಂದಿನ ರಾತ್ರಿ ಪುಸ್ತಕ ಮುಚ್ಚಿಡುತ್ತಾರೆ. ಖಬಾದ್ ಪಂಗಡದಲ್ಲಿ ಇದು ಕತ್ತಲಾದಾಗಿನಿಂದ ಮಧ್ಯರಾತ್ರಿಯವರೆಗೆ. ಹಳೆಯ ಜೂಲಿಯನ್ ಪಂಚಾಂಗ ಹಿಡಿಯುವ ಕೆಲವು ಪಂಗಡಗಳಲ್ಲಿ ಜನವರಿ 6ರ ರಾತ್ರಿ. ಆ ಹೊತ್ತನ್ನು ಚದುರಂಗ, ಇಸ್ಪೀಟು, ಮನೆಯ ಲೆಕ್ಕಪತ್ರದಲ್ಲಿ ಕಳೆಯುತ್ತಾರೆ. ಓದಿನ ಪುಣ್ಯ ಆ ರಾತ್ರಿಗೆ ಸಲ್ಲಬಾರದು ಎನ್ನುವುದು ಒಂದು ಕಾರಣ. ಯೂರೋಪಿನಲ್ಲಿ ಆ ರಾತ್ರಿ ಯಹೂದಿಗಳು ಪಾಠಶಾಲೆಗೆಂದು ಬೀದಿಗಿಳಿದರೆ ಏಟು ಬೀಳುವ ಭಯವಿತ್ತು ಎನ್ನುವುದು ಇನ್ನೊಂದು. ಲಿಥುವೇನಿಯಾದ ವಿದ್ವತ್ಪರಂಪರೆಯವರು, ಸ್ಪೇನ್ ಮೂಲದ ಸೆಫರ್ದಿ ಯಹೂದಿಗಳು ಇದನ್ನು ಪಾಲಿಸುವುದಿಲ್ಲ.

ಈಗ ಗಂಡ ಹೆಂಡತಿ ಎರಡು ಧರ್ಮದವರಿರುವ ಮನೆಗೆ ಬರೋಣ, ಏಕೆಂದರೆ ಇವತ್ತಿನ ಮರಗಳಲ್ಲಿ ಹೆಚ್ಚಿನವು ಇಲ್ಲಿಯವು. ಅದೇ ಪ್ಯೂ ಸಮೀಕ್ಷೆಯ ಪ್ರಕಾರ 2000ದ ನಂತರ ಮದುವೆಯಾದ ಅಮೆರಿಕನ್ ಯಹೂದಿಗಳಲ್ಲಿ ಶೇ. 58 ಮಂದಿಯ ಸಂಗಾತಿ ಯಹೂದಿಯಲ್ಲ. ಇಂಥ ಮನೆಯಲ್ಲಿ ಮರ ಯಹೂದಿಯವರು ತಂದದ್ದಲ್ಲ, ಸಂಗಾತಿಯ ಬಾಲ್ಯದ ಜೊತೆ ಬಂದದ್ದು. ಮರಕ್ಕೆ ಒಪ್ಪಿದವರೂ ಗೋದಲಿಗೆ, ತುದಿಯ ದೇವದೂತನಿಗೆ ತಡೆಯುವುದು ಸಾಮಾನ್ಯ. ಇದನ್ನು ನವೆಂಬರಿನಲ್ಲೇ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು. ಮರ ಮನೆಗೆ ಬಂದ ಮೇಲೆ ಆಡುವ ಮಾತು ಮರದ ಬಗ್ಗೆ ಇರುವುದಿಲ್ಲ, ಅತ್ತೆ ಮಾವನ ಬಗ್ಗೆ ಆಗಿಬಿಡುತ್ತದೆ. ಹಲವರು ಕಂಡುಕೊಂಡ ದಾರಿ, ಕ್ರಿಸ್‌ಮಸ್ಸನ್ನು ಕ್ರೈಸ್ತ ಅಜ್ಜ ಅಜ್ಜಿಯ ಮನೆಯಲ್ಲೇ ಇಟ್ಟುಕೊಳ್ಳುವುದು. ‘ಇದು ಅಜ್ಜಿಯ ಹಬ್ಬ, ಅಜ್ಜಿಯ ಜೊತೆ ಇರೋಕೆ ಹೋಗ್ತಿದ್ದೀವಿ’ ಎಂದರೆ ನಾಲ್ಕು ವರ್ಷದ ಮಗುವಿಗೂ ತಿಳಿಯುತ್ತದೆ. ಮರವನ್ನು ‘ಹನುಕ್ಕಾ ಪೊದೆ’ ಎಂದು ಕರೆದು ನೀಲಿ ಬಿಳಿ ದೀಪ ಸುತ್ತುವುದು ಮಾತ್ರ ಯಾರಿಗೂ ನ್ಯಾಯ ಮಾಡುವುದಿಲ್ಲ. ಸಂಗಾತಿಯ ಹಬ್ಬದ ಹೆಸರು ಅಳಿಸಿದಂತಾಗುತ್ತದೆ, ಹನುಕ್ಕಾಕ್ಕೆ ಇಲ್ಲದ ವಸ್ತುವನ್ನು ಅಂಟಿಸಿದಂತಾಗುತ್ತದೆ.

ಅಜ್ಜಿಯ ಮನೆಯ ಊಟದಲ್ಲಿ ತೊಡಕು ಅಡಗಿರುವುದು ಕಾಣದ ಕೊಬ್ಬಿನಲ್ಲಿ. ಹಂದಿಮಾಂಸ ಎದ್ದು ಕಾಣುತ್ತದೆ, ಬಿಟ್ಟರಾಯಿತು. ಟರ್ಕಿ ಕೋಳಿಯ ತೊಗಲಡಿ ತುಂಬಿದ ಬೆಣ್ಣೆ, ಹೊಟ್ಟೆಯೊಳಗಿನ ಸಾಸೇಜು, ಇಂಗ್ಲಿಷ್ ಪುಡಿಂಗಿನ ದನದ ಕೊಬ್ಬು, ಮಾರ್ಷ್‌ಮೆಲ್ಲೊದ ಜೆಲಟಿನ್ ಕಾಣುವುದಿಲ್ಲ. ಆತಿಥೇಯರಿಗೆ ಮೊದಲೇ ತಿಳಿಸಿದರೆ ದಾರಿ ಸುಲಭ: ಸಾಲ್ಮನ್ ಮೀನನ್ನು ಎಣ್ಣೆ, ನಿಂಬೆ ಹಚ್ಚಿ ಎರಡು ಸುತ್ತು ಅಲ್ಯುಮಿನಿಯಂ ಹಾಳೆಯಲ್ಲಿ ಮುಚ್ಚಿ ಒಲೆಗಿಡುವುದು, ಕತ್ತರಿಸದ ಹಣ್ಣು, ಕಾಗದದ ತಟ್ಟೆ.

ಹನುಕ್ಕಾ ಪ್ರತಿವರ್ಷ ಕ್ರಿಸ್‌ಮಸ್ ಹತ್ತಿರ ಬರುವುದೂ ಇಲ್ಲ. ಯಹೂದಿ ಪಂಚಾಂಗ ನಮ್ಮದರಂತೆ ಚಾಂದ್ರಮಾನ, 19 ವರ್ಷಕ್ಕೆ 7 ಅಧಿಕಮಾಸ ಸೇರಿಸಿ ಋತುವಿಗೆ ಹೊಂದಿಸುತ್ತಾರೆ. ದೀಪಾವಳಿ ಅಕ್ಟೋಬರ್, ನವೆಂಬರ್ ನಡುವೆ ಓಲಾಡುವಂತೆ ಕಿಸ್ಲೇವ್ ತಿಂಗಳ 25ನೇ ದಿನ ನವೆಂಬರ್ ಕೊನೆಯಿಂದ ಡಿಸೆಂಬರ್ ಕೊನೆಯವರೆಗೆ ಓಲಾಡುತ್ತದೆ. 2024ರಲ್ಲಿ ಮೊದಲ ದೀಪ ಡಿಸೆಂಬರ್ 25ರ ಸಂಜೆ, 2025ರಲ್ಲಿ ಡಿಸೆಂಬರ್ 14ರ ಸಂಜೆ.

2027ರಲ್ಲಿ ಅದು ಬೀಳುವುದು ಡಿಸೆಂಬರ್ 24ರ ಸಂಜೆ, ಅದೂ ಶುಕ್ರವಾರ. ಹನುಕ್ಕಾದ ಮೊದಲ ದೀಪ, ಶುಕ್ರವಾರ ಸೂರ್ಯಾಸ್ತಕ್ಕೆ ಶುರುವಾಗುವ ವಾರದ ವಿಶ್ರಾಂತಿ ದಿನವಾದ ಸಬ್ಬತ್ತು, ಕ್ರಿಸ್‌ಮಸ್ ಹಿಂದಿನ ರಾತ್ರಿ ಮೂರೂ ಒಟ್ಟಿಗೆ. ಎರಡು ಧರ್ಮದ ಮನೆಯವರು ಆ ಸಂಜೆಯ ಕ್ರಮವನ್ನು ಈಗಲೇ ತಿಳಿದಿಟ್ಟುಕೊಳ್ಳಬೇಕು. ಸಬ್ಬತ್ತಿನಲ್ಲಿ ಬೆಂಕಿ ಹೊತ್ತಿಸುವಂತಿಲ್ಲ, ಆದ್ದರಿಂದ ಹನುಕ್ಕಾ ದೀಪವನ್ನೇ ಮೊದಲು ಹಚ್ಚಬೇಕು. ನ್ಯೂಯಾರ್ಕಿನಲ್ಲಿ ಆ ದಿನ ಸೂರ್ಯ ಮುಳುಗುವುದು ಸುಮಾರು 4 ಗಂಟೆ 32 ನಿಮಿಷಕ್ಕೆ, ಸಬ್ಬತ್ತಿನ ದೀಪಕ್ಕೆ ಅದಕ್ಕಿಂತ 18 ನಿಮಿಷ ಮುಂಚಿನ ಹೊತ್ತು. ಒಂಬತ್ತು ಬುಡ್ಡಿಯ ಹನುಕ್ಕಾ ದೀಪವನ್ನು ಬೀದಿಗೆ ಕಾಣುವ ಕಿಟಕಿಯಲ್ಲಿಟ್ಟು, ಬಲತುದಿಯಲ್ಲಿ ಒಂದು ಮೇಣದಬತ್ತಿ, ಬೇರೆ ಎತ್ತರದಲ್ಲಿರುವ ‘ಶಮಾಶ್’ ಎಂಬ ಸೇವಕ ಬತ್ತಿ ಇನ್ನೊಂದು ಸಿಕ್ಕಿಸಬೇಕು. ಶಮಾಶ್ ಹೊತ್ತಿಸಿ, ಮೊದಲ ರಾತ್ರಿಯಾದ್ದರಿಂದ ಮೂರು ಆಶೀರ್ವಚನ ಹೇಳಿ, ಅದರಿಂದ ಇನ್ನೊಂದನ್ನು ಹಚ್ಚಬೇಕು. ಮುಂದಿನ ರಾತ್ರಿಗಳಲ್ಲಿ ಬತ್ತಿ ಬಲದಿಂದ ಎಡಕ್ಕೆ ಬೆಳೆಯುತ್ತದೆ, ಹಚ್ಚುವುದು ಹೊಸದರಿಂದ, ಅಂದರೆ ಎಡದಿಂದ ಬಲಕ್ಕೆ. ಎಂಟು ರಾತ್ರಿಗೆ ಒಟ್ಟು 44 ಬತ್ತಿ. ಅಂಗಡಿಯ ಪೆಟ್ಟಿಗೆಯಲ್ಲಿ ಇರುವುದೂ ಅಷ್ಟೇ, ಒಂದು ಮುರಿದರೂ ಕೊನೆಯ ರಾತ್ರಿ ಕಡಿಮೆ ಬೀಳುತ್ತದೆ. ಆ ಪೆಟ್ಟಿಗೆಯ ಸಣ್ಣ ಬತ್ತಿ ಅರ್ಧ ಗಂಟೆ ಉರಿದು ಆರುತ್ತದೆ. ಶುಕ್ರವಾರ ದೀಪ ಕತ್ತಲಾದ ಮೇಲೂ ಅರ್ಧ ಗಂಟೆ ಉರಿಯಬೇಕು, ಹಾಗಾಗಿ ಒಂದೂವರೆ ಗಂಟೆಗೆ ಸಾಲುವ ಉದ್ದನೆಯ ಬತ್ತಿಯೋ ಎಣ್ಣೆ ದೀಪವೋ ಆಗಬೇಕು. ಮರವೂ ಇರುವ ಮನೆಯಾದರೆ ಅದು ಬೇರೆ ಮೂಲೆಯಲ್ಲಿರಲಿ, ಒಣಗಿದ ಸೂಜಿಯೆಲೆಗೆ ಕಿಡಿ ತಾಗಿದರೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ. ಮರದ ವಿದ್ಯುತ್ ದೀಪಕ್ಕೆ ಸಬ್ಬತ್ತು ಪಾಲಿಸುವವರು ಕೈ ಹಾಕುವಂತಿಲ್ಲ, ನಾಲ್ಕು ಗಂಟೆಯೊಳಗೆ ಟೈಮರ್‌ಗೆ ಹಾಕಿಟ್ಟರೆ ಮಕ್ಕಳು ಮಲಗುವ ಹೊತ್ತಿಗೆ ತಾನಾಗಿಯೇ ಆರುತ್ತದೆ.